ಸೊನ್ನೆ ಸೆಕೆಂಡಿನವರು

ನಮ್ಮೂರಿನಲ್ಲಿ ಒಂದೇ ಗಳಿಗೆಯಲ್ಲಿ ಹುಟ್ಟಿದವರದು ಒಂದೇ ಹೊಟ್ಟೆ. ಒಬ್ಬರು ಉಂಡರೆ ಇನ್ನೊಬ್ಬರ ಹಸಿವೂ ಇಳಿಯುತ್ತದೆ, ಮೈಗೂ ಹತ್ತುತ್ತದೆ. ರುಚಿ ದಾಟುವುದಿಲ್ಲ, ಉಂಡ ಸಮಾಧಾನ ಮಾತ್ರ ದಾಟುತ್ತದೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಇದನ್ನು ನಂಬುವುದಿಲ್ಲ. ಗಂಡ ಬೆಳಿಗ್ಗೆ ದೋಸೆ ಮುಟ್ಟದೆ ಎದ್ದುಹೋದರೆ ತಮ್ಮ ಕೈಯಡುಗೆ ಸೇರಲಿಲ್ಲವೆಂದು ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಾರೆ. ಆಗ ಅತ್ತೆ ಬಂದು, "ಅವನ ಗಳಿಗೆಯವನು ಪೇಟೆ ಬೀದೀಲಿ ಪೂರಿ ತಿಂದಿರ್ತಾನೆ ಕಣಮ್ಮ, ನೀನ್ಯಾಕೆ ಅಳ್ತೀಯ, ಆ ದೋಸೆ ಇಲ್ಲಿ ಕೊಡು" ಎಂದು ತಾನೇ ತಿಂದು ಸಮಾಧಾನ ಮಾಡುತ್ತಾಳೆ.

ಹೀಗಾಗಿ ನಮ್ಮಲ್ಲಿ ಕೆಲವು ಮರ್ಯಾದೆಗಳು ಬೆಳೆದುಬಂದಿವೆ. ಮದುವೆ ಊಟಕ್ಕೆ ಹೊರಟವರು ತಮ್ಮ ಗಳಿಗೆಯವರ ಮನೆಗೆ ಹಿಂದಿನ ದಿನವೇ ಹೇಳಿಕಳಿಸುತ್ತಾರೆ, ಅವರು ಸುಮ್ಮನೆ ಅಕ್ಕಿ ತೊಳೆದಿಡದಿರಲಿ ಎಂದು. ಸೋಮವಾರ ಒಪ್ಪತ್ತು ಮಾಡುವವರು ಆ ಕಡೆಯವರ ಒಪ್ಪಿಗೆ ಕೇಳುತ್ತಾರೆ. ಊರ ಪೋಸ್ಟ್‌ಮನ್ನಿಗೆ ಬಿಸಿಲಿನಲ್ಲಿ ಸುಸ್ತಾಗುತ್ತದೆಂದು ಅವನ ಗಳಿಗೆಯ ಹೆಂಗಸು, ಪರಿಚಯವೇ ಇಲ್ಲದವಳು, ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಒಂದು ಚೊಂಬು ಮಜ್ಜಿಗೆ ಕುಡಿಯುತ್ತಿದ್ದಳು. ಅವಳು ತೀರಿಹೋದ ದಿನ ಆ ಪೋಸ್ಟ್‌ಮನ್ ಅರ್ಧ ಬೀದಿಯ ಕಾಗದ ಹಂಚದೆ ಸೈಕಲ್ ತಳ್ಳಿಕೊಂಡು ಮನೆಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಯಾರ ಗಳಿಗೆ ಯಾರದಕ್ಕೆ ಸಮ ಎನ್ನುವುದು ತೀರ್ಮಾನವಾಗುವುದು ಗಡಿಯಾರದಿಂದಲ್ಲ, ಗಳಿಗೆ ಕಚೇರಿಯಿಂದ. ಅಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದವಳು. ಕಾಲೇಜಿನಲ್ಲಿ ಗಣಿತ ಓದಿದ್ದೆ. ಕಚೇರಿಗೆ ಕಂಪ್ಯೂಟರ್ ಬಂದಾಗ ಬೇರೆ ಯಾರೂ ಅದರ ಹತ್ತಿರ ಕೂರಲು ಒಪ್ಪದ್ದರಿಂದ ನಾನೇ ಕಲಿತು, ಊರಿನವರ ಹುಟ್ಟಿದ ಗಳಿಗೆಗಳನ್ನೆಲ್ಲ ಡೇಟಾಬೇಸಿಗೆ ಹತ್ತಿಸಿದೆ. ಆ ಟೇಬಲ್ಲಿನಲ್ಲಿ ವೇಳೆಯ ಕಾಲಂ ನಿಮಿಷದವರೆಗೆ ಮಾತ್ರ ಹಿಡಿಯುತ್ತಿತ್ತು. ಅರ್ಧ ನಿಮಿಷಕ್ಕಿಂತ ಕಡಿಮೆ ಇದ್ದದ್ದು ಉದುರಿಹೋಗುತ್ತಿತ್ತು, ಹೆಚ್ಚಿದ್ದದ್ದು ಮುಂದಿನ ನಿಮಿಷಕ್ಕೆ ಸೇರಿಕೊಳ್ಳುತ್ತಿತ್ತು. ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಆಗಿನ ಊರು ಸಣ್ಣದು. ಒಂದು ನಿಮಿಷಕ್ಕೆ ಒಂದು ಮಗು ಹುಟ್ಟುವುದೇ ಅಪರೂಪವಾಗಿತ್ತು, ಎರಡು ಹುಟ್ಟಿದರೆ ಅವರಿಬ್ಬರಿಗೂ ಒಂದು ನೆಂಟಸ್ತಿಕೆ ಸಿಕ್ಕಿತು ಎಂದುಕೊಳ್ಳುತ್ತಿದ್ದೆವು.

ನಾನು ನಿವೃತ್ತಳಾದ ಮೇಲೆ ಊರು ಬೆಳೆಯಿತು. ನಾಲ್ಕು ಮಹಡಿಯ ಹೆರಿಗೆ ಆಸ್ಪತ್ರೆ ಬಂತು. ಅಲ್ಲಿ ಒಂದೇ ನಿಮಿಷದಲ್ಲಿ ನಾಲ್ಕೈದು ಮಕ್ಕಳು ಹುಟ್ಟತೊಡಗಿದವು. ಒಂದು ದಿನ ಯಾವುದೋ ಕೆಲಸಕ್ಕೆ ಕಚೇರಿಯ ಕಡೆ ಹೋಗಿದ್ದಾಗ ಬಾಣಂತಿಯೊಬ್ಬಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದಳು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು. "ಇದು ಅಳೋದೇ ಇಲ್ಲ ಅಮ್ಮ," ಎಂದಳು ನನ್ನ ಕಡೆ ತಿರುಗಿ. "ಇದರ ಗಳಿಗೆಯವು ಇನ್ನೂ ನಾಲ್ಕಿವೆ. ಅವುಗಳ ತಾಯಂದಿರು ಕುಡಿಸಿದ್ದೇ ಇದಕ್ಕೂ ಸಾಕಾಗತ್ತೆ. ನಂಗೆ ಎದೇಲಿ ಹಾಲು ಕಟ್ಕೊಂಡು ನಾನೇ ಅಳ್ತೀನಿ." ಅಷ್ಟು ಹೇಳಿ ನಕ್ಕಳು, ಆದರೆ ಅದು ನಗುವ ಮುಖವಾಗಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮುದುಕ, ಯಾರೋ ಏನೋ, ತನ್ನ ಟವಲನ್ನು ನೀರಿನಲ್ಲಿ ಅದ್ದಿ ಹಿಂಡಿ, ಅವಳ ಮುಖ ನೋಡದೆ ಅವಳ ಕೈಗೆ ಕೊಟ್ಟ.

ಇಂಥ ತಾಯಂದಿರ ದೂರು ಹೆಚ್ಚಾದ ಮೇಲೆ ಊರಿನ ಸಭೆ ಸೇರಿ ಗಳಿಗೆಯನ್ನು ಇನ್ನೂ ಸಣ್ಣದಾಗಿ ಬರೆಯಬೇಕೆಂದು ತೀರ್ಮಾನಿಸಿತು. ನಿಮಿಷವಷ್ಟೇ ಅಲ್ಲ, ಸೆಕೆಂಡು. ಸೆಕೆಂಡಷ್ಟೇ ಅಲ್ಲ, ಅದರ ಮುಂದೆ ಚುಕ್ಕೆಯಿಟ್ಟು ಇನ್ನೂ ಆರು ಅಂಕಿ. ಅಷ್ಟು ಸೀಳಿದರೆ ಯಾವ ಎರಡು ಮಕ್ಕಳೂ ಸಮ ಬರುವುದಿಲ್ಲ. ಕೆಲಸ ವಹಿಸಿಕೊಂಡವಳು ಫರ್ಜಾನಾ. ಚುರುಕಿನ ಹುಡುಗಿ, ಮಾತಿನಲ್ಲಿ ಮೆದು. ಹಳೆಯ ಟೇಬಲ್ ಕಟ್ಟಿದವಳು ನಾನೆಂದು ಯಾರೋ ಹೇಳಿದ್ದರಂತೆ, ನನ್ನನ್ನು ಹುಡುಕಿಕೊಂಡು ಮನೆಗೇ ಬಂದಳು. "ಇಂದುಮತಿ ಮೇಡಂ, ಸ್ವಲ್ಪ ದಿನ ಬಂದು ಪಕ್ಕದಲ್ಲಿ ಕೂತಿರಿ ಸಾಕು, ಕೆಲಸ ಎಲ್ಲ ನಾನು ಮಾಡ್ತೀನಿ," ಎಂದಳು. ನನ್ನ ಮಂಡಿನೋವು ಗೊತ್ತಾಗಿ, ನಾನು ಹೋಗುವ ಮೊದಲೇ ನನ್ನ ಕುರ್ಚಿಯ ಕೆಳಗೆ ಕಾಲಿಡಲು ಒಂದು ಮಣೆ ತರಿಸಿಟ್ಟಿದ್ದಳು.

ಹೊಸ ಕಾಲಂ ತೆರೆದ ದಿನ ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹಳೆಯ ಸಾಲುಗಳಲ್ಲೆಲ್ಲ ನಿಮಿಷದ ಮುಂದೆ ಸೊನ್ನೆಗಳ ಸರ. ಸೊನ್ನೆ ಸೆಕೆಂಡು, ಚುಕ್ಕೆ, ಮತ್ತೆ ಆರು ಸೊನ್ನೆ.

"ಇದು ತಾನಾಗೇ ತುಂಬ್ಕೊಂಡಿದ್ದು ಮೇಡಂ. ನಮ್ಮ ಹತ್ರ ಹಳಬರ ಸೆಕೆಂಡು ಇಲ್ವಲ್ಲ," ಎಂದಳು.

ಜರಡಿಯ ಕಣ್ಣನ್ನು ಈಗ ಸಣ್ಣ ಮಾಡಿದರೆ ಆಗ ಸೋರಿಹೋದ ರವೆ ವಾಪಸು ಬರುವುದಿಲ್ಲ. ಆದರೆ ಪರದೆಯ ಮೇಲೆ ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ. ಊರಿನ ಅಷ್ಟೂ ಹಿರಿಯರು ನಿಮಿಷ ತಿರುಗುವ ಆ ಒಂದು ಕ್ಷಣಕ್ಕೇ ಕಾದಿದ್ದು ಹುಟ್ಟಿದರು ಎನ್ನುವಂತೆ ಕಾಣುತ್ತದೆ. ಆ ಸೊನ್ನೆಯನ್ನು ಯಾರೂ ಕಂಡವರಲ್ಲ. ಅದು ತಿಳಿವಲ್ಲ, ಖಾಲಿ ಜಾಗವನ್ನು ಮುಚ್ಚಿದ ತೇಪೆ ಅಷ್ಟೇ.

"ಒಳ್ಳೇದೇ ಆಯ್ತು ಬಿಡಮ್ಮ," ಎಂದೆ. "ಎಲ್ಲರಿಗೂ ಸೊನ್ನೆ ಅಂದ್ರೆ ಹಳೇ ಜೊತೆಗಳು ಹಾಗೇ ಉಳಿದ್ವು. ಯಾರಿಗೂ ಊಟ ತಪ್ಪಲ್ಲ."

ಉಳಿದವು ನಿಜ, ಆದರೆ ಸಭೆ ಇನ್ನೊಂದು ಬಾಗಿಲನ್ನೂ ತೆರೆದಿತ್ತು. ತಮ್ಮ ಸೆಕೆಂಡು ಗೊತ್ತಿರುವ ಹಳಬರು ಯಾರಾದರೂ ಒಬ್ಬ ಹಿರಿಯರ ಸಾಕ್ಷಿ ಕರೆತಂದು ಹೇಳಿದರೆ ಅದನ್ನು ತುಂಬಿಕೊಡಬೇಕು. ತುಂಬಿದೊಡನೆ ಜೊತೆ ಕಳಚಿಕೊಳ್ಳುತ್ತದೆ. ಮಾರನೆಯ ದಿನದಿಂದಲೇ ಕಚೇರಿಯ ಮುಂದೆ ಸಾಲು ನಿಂತಿತು. ಗರಡಿಮನೆಯ ಪೈಲ್ವಾನನೊಬ್ಬನೂ ವಾಚನಾಲಯದ ಗುಮಾಸ್ತರೂ ಒಂದೇ ಗಳಿಗೆಯವರು. ಪೈಲ್ವಾನನಿಗೆ ಎಷ್ಟು ತಿಂದರೂ ಅರ್ಧ ಹೊಟ್ಟೆ. ಗುಮಾಸ್ತರಿಗೆ ಹುಟ್ಟಿದಾಗಿನಿಂದ ಹಸಿವೆಂದರೇನೆಂದೇ ಗೊತ್ತಿಲ್ಲ. ಇಬ್ಬರೂ ನಗುನಗುತ್ತಲೇ ಬಂದು ಬೇರೆಯಾದರು. ಒಂದು ಗಂಟೆ ಕಳೆದಿರಬಹುದು, ಗುಮಾಸ್ತರು ಕ್ಯಾಂಟೀನಿನ ಮೂಲೆಯಲ್ಲಿ ಉಪ್ಪಿಟ್ಟಿನ ತಟ್ಟೆಯ ಮುಂದೆ ಕುಳಿತು ಕಣ್ಣಲ್ಲಿ ನೀರು ತಂದುಕೊಂಡಿದ್ದರು. "ಹಸಿದು ತಿಂದ್ರೆ ಇದು ಹೀಗಿರತ್ತಾ?" ಎಂದು ಕೇಳುತ್ತಿದ್ದರು. ಎದುರಿಗೆ ಕುಳಿತಿದ್ದ ಪೈಲ್ವಾನ್, "ಇನ್ನೊಂದು ವಡೆ ಹೇಳ್ಲಾ ಸಾರ್?" ಎನ್ನುತ್ತಿದ್ದ.

ಈ ಗಲಾಟೆಯಲ್ಲಿ ನನ್ನ ಮನಸ್ಸು ಮಾತ್ರ ಒಂದೇ ಗಳಿಗೆಯ ಒಂದು ಜೋಡಿಯ ಕಡೆಗೆ ಹೋಗುತ್ತಿತ್ತು. ದ್ಯಾಮಣ್ಣ, ಮರುದೇವಮ್ಮ. ದ್ಯಾಮಣ್ಣನದು ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಪಂಕ್ಚರ್ ಅಂಗಡಿ. ಮರುದೇವಮ್ಮನದು ಬಸದಿ ಬೀದಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಆಕೆ ಜೈನರು, ಬೇಗ ವಿಧವೆಯಾದವರು, ನೇಮನಿಷ್ಠೆಯಲ್ಲಿ ಬಲು ಕಟ್ಟುನಿಟ್ಟು. ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವರಲ್ಲ. ಇವನೋ ರಾತ್ರಿ ಎರಡನೇ ಆಟದ ಸಿನಿಮಾ ಮುಗಿಸಿ ಬೋಟಿ ಗೊಜ್ಜು ತಿನ್ನುವ ಆಸಾಮಿ. ವಯಸ್ಸಿನಲ್ಲಿ ಇವರಿಬ್ಬರೂ ಆಡಿದ ಜಗಳ ಊರಿಗೇ ಗೊತ್ತು. ಬೆಳಿಗ್ಗೆ ಆಕೆ ಅಂಗಡಿಯ ಮುಂದೆ ಬಂದು ನಿಲ್ಲುವರು. "ರಾತ್ರಿ ಏನು ತಿಂದೆ ದ್ಯಾಮಣ್ಣ? ಹೊಟ್ಟೆ ಕಲ್ಲಾಗಿ ಕೂತಿತ್ತು. ಸೂರ್ಯ ಮುಳುಗೋದ್ರೊಳಗೆ ತಿಂದು ಮುಗಿಸೋಕೆ ನಿಂಗೇನು ಕಷ್ಟ?" ಎಂದರೆ ಇವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತ, "ಹೊತ್ತು ಮುಳುಗ್ತಿದ್ದಂಗೆ ಗೂಡು ಸೇರೋಕೆ ನಾನೇನು ಕೋಳೀನಾ ಅಮ್ಮೋರೆ?" ಎನ್ನುವನು. ದಶಲಕ್ಷಣ ಪರ್ವ ಬಂದು ಆಕೆ ಉಪವಾಸ ಕುಳಿತರೆ, ಇವನಿಗೆ ಎಷ್ಟು ಮುದ್ದೆ ನುಂಗಿದರೂ ಸಾಲದು. "ಆಯಮ್ಮ ಪುಣ್ಯ ಕಟ್ಕೊಳ್ಳೋದು, ನನ್ನ ಸೊಂಟ ಮುರಿಯೋದು" ಎಂದು ಬೈದುಕೊಂಡು ಓಡಾಡುವನು.

ಹೋದ ವರ್ಷ ಮಳೆಗಾಲದಲ್ಲಿ ಮರುದೇವಮ್ಮನಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಗಂಟಲು ಬಿಡಲಿಲ್ಲ. ಹನಿ ಹನಿ ನೀರು ಬಿಟ್ಟರೆ ಒಂದು ಅಗುಳೂ ಕೆಳಗಿಳಿಯದು. ಡಾಕ್ಟರುಗಳು ಕೈಚೆಲ್ಲಿದರು. ಹಾಗಿದ್ದೂ ಆಕೆ ಬದುಕಿದ್ದರು, ಅಂಗಡಿಯಲ್ಲಿ ದಿಂಬಿಗೆ ಒರಗಿ ಕುಳಿತು ವ್ಯಾಪಾರವನ್ನೂ ನೋಡುತ್ತಿದ್ದರು, ಏಕೆಂದರೆ ಬಸ್‌ಸ್ಟ್ಯಾಂಡಿನ ಹತ್ತಿರ ದ್ಯಾಮಣ್ಣ ಇಬ್ಬರ ಊಟ ಮಾಡುತ್ತಿದ್ದ. ಯಾರೂ ಅವನಿಗೆ ಹೇಳಿಕಳಿಸಿರಲಿಲ್ಲ. ಒಂದು ಸಂಜೆ ಅಲ್ಲಿ ನಾನು ಬಸ್ಸಿಗೆ ಕಾಯುತ್ತಿದ್ದೆ. ಅವನು ಡಬ್ಬಿ ಬಿಚ್ಚಿ, ಪಶ್ಚಿಮದ ಕಡೆ ಒಂದು ಸಲ ನೋಡಿ, ಅವಸರ ಅವಸರವಾಗಿ ಉಣ್ಣತೊಡಗಿದ. ಸೂರ್ಯ ಇನ್ನೂ ಕಟ್ಟಡಗಳ ಮೇಲಿದ್ದ. ಡಬ್ಬಿಯಲ್ಲಿ ಮುದ್ದೆ, ಬರೀ ಬೇಳೆಯ ಸಾರು. "ಈರುಳ್ಳಿ ಇಲ್ವೇನೋ ದ್ಯಾಮಣ್ಣ?" ಎಂದೆ. "ಬಿಟ್ಟಿದೀನಿ ಅಮ್ಮೋರೆ, ಗ್ಯಾಸು" ಎಂದ.

ಆದರೆ ಇಬ್ಬರ ಊಟ ಒಂದು ಮೈಯಲ್ಲಿ ಹಾದುಹೋಗುವುದು ಸುಲಭವಲ್ಲ. ದ್ಯಾಮಣ್ಣನಿಗೆ ಸಕ್ಕರೆ ಕಾಯಿಲೆ ಶುರುವಾಯಿತು. ತಿಂದದ್ದರಲ್ಲಿ ಸತ್ವದ ಪಾಲು ಆ ಕಡೆ ಹೋಗುತ್ತಿತ್ತು, ಸಕ್ಕರೆ ಮಾತ್ರ ಪೂರ್ತಿ ಇವನಲ್ಲೇ ಉಳಿಯುತ್ತಿತ್ತು. ಹಿಮ್ಮಡಿಗೆ ಆದ ಗಾಯ ಮಾಯಲಿಲ್ಲ. ಊಟ ಅರ್ಧಕ್ಕಿಳಿಸದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದರಂತೆ ಡಾಕ್ಟರು. ಇದನ್ನು ನನಗೆ ಹೇಳಿದವಳು ಅವನ ಹೆಂಡತಿ ಕೆಂಚಮ್ಮ.

ಅವಳು ಸಾಲಿನಲ್ಲಿ ನಿಲ್ಲದೆ ನೇರವಾಗಿ ಒಳಗೆ ನುಗ್ಗಿ ನನ್ನ ಮೇಜಿನ ಮುಂದೆ ನಿಂತಳು. ಎತ್ತರದ ಹೆಂಗಸು, ದೊಡ್ಡ ಗಂಟಲು. "ಇಂದಮ್ಮೋರೆ, ನಮ್ಮೆಜಮಾನ್ರಿಗೆ ಒಂದು ಸೆಕೆಂಡು ಹಾಕ್ಬಿಡಿ. ಯಾವ್ದಾದ್ರೂ ಸರಿ. ಅವರ ಕಾಲು ಉಳೀಬೇಕು ನಂಗೆ."

"ಅವನೇ ಬಂದು ಹೇಳ್ಬೇಕು ಕೆಂಚಮ್ಮ."

"ಅವ್ರು ಬರಲ್ಲ. ಕೇಳಿದ್ರೆ ನಂಗೆ ಹಸಿವು ಜಾಸ್ತಿ ಅಷ್ಟೇಯ ಅಂತ ಸುಳ್ಳು ಹೇಳ್ತಾರೆ. ಉಣ್ಣೋವಾಗ ಕಣ್ಣಲ್ಲಿ ನೀರು ಬರತ್ತೆ, ಒಳಕ್ಕೆ ಹೋಗಲ್ಲ, ಆದ್ರೂ ತುರುಕ್ತಾರೆ. ನಾನು ಬಡಿಸ್ಬೇಕು, ನಾನೇ ನೋಡ್ಬೇಕು. ನೀವಾದ್ರೂ ನನ್ ಹೆಸ್ರಲ್ಲಿ ಏನಾರ ಮಾಡಿ."

ಫರ್ಜಾನಾ ಮೆಲ್ಲಗೆ ಅವಳ ಹೆಸರನ್ನು ಹುಡುಕಿದಳು. ಕೆಂಚಮ್ಮ ಗುಡ್ಡದಾಚೆಯ ಹಟ್ಟಿಯಿಂದ ಮದುವೆಯಾಗಿ ಬಂದವಳು. ಅವಳು ಹುಟ್ಟಿದ ವೇಳೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಅವಳ ಸಾಲಿನಲ್ಲಿ ಆ ಜಾಗ ಖಾಲಿ. ಖಾಲಿಯೆಂದರೆ ಸೊನ್ನೆಯೂ ಅಲ್ಲ, ಏನೂ ಇಲ್ಲದ್ದು. ಖಾಲಿ ಯಾವುದಕ್ಕೂ ಸಮವಲ್ಲ, ಇನ್ನೊಂದು ಖಾಲಿಗೂ ಸಮವಲ್ಲ. ಹಾಗಾಗಿ ಅಂಥವರಿಗೆ ನಮ್ಮೂರಿನಲ್ಲಿ ಜೊತೆಯೇ ಇಲ್ಲ. ಅವರ ಹಸಿವು ಅವರದೇ. "ನಿಮ್ಮದು ಖಾಲಿ ಇದೆ ಅಮ್ಮ. ಅವರ ಸಾಲನ್ನ ನೀವು ಮುಟ್ಟೋಕಾಗಲ್ಲ," ಎಂದು ಫರ್ಜಾನಾ ಹೇಳಿದಾಗ ಕೆಂಚಮ್ಮನ ಮುಖ ಕೆಂಪಾಯಿತು.

"ಹಂಗಾದ್ರೆ ಆಯಮ್ಮನ ಮನೆಗೇ ಹೋಗ್ತೀನಿ. ಮುಖಕ್ಕೇ ಕೇಳ್ತೀನಿ, ನಿಮ್ಮ ಹೊಟ್ಟೆಗೆ ನನ್ ಗಂಡನ ಕಾಲು ಬೇಕಾ ಅಂತ" ಎಂದು ಸೆರಗು ಬಿಗಿದು ಹೊರಟೇಹೋದಳು. ನಾನು ಹಿಂದೆಯೇ ಎದ್ದೆ, ಆದರೆ ನನ್ನ ಮಂಡಿಗೆ ಅವಳ ನಡಿಗೆ ಎಲ್ಲಿ ಸಿಕ್ಕೀತು.

ಆಮೇಲೆ ತಿಳಿದದ್ದು: ಕೆಂಚಮ್ಮ ಬಸದಿ ಬೀದಿಗೆ ಹೋಗಿ ಹೊಸ್ತಿಲಲ್ಲೇ ನಿಂತು ಇಡೀ ಬೀದಿ ಕೇಳುವಂತೆ ಕೂಗಾಡಿದಳು. ಒಳಗೆ ಇಣುಕಿದರೆ ಮರುದೇವಮ್ಮ ದಿಂಬಿನಿಂದ ಏಳಲು ಹೋಗಿ ಆಗದೆ, ಗೋಡೆ ಹಿಡಿದು, ಬಂದವಳಿಗೆ ಕೂರಲು ಮಣೆ ಎಳೆಯುತ್ತಿದ್ದರು. ಬೆರಳುಗಳು ಕಡ್ಡಿಯಂತಾಗಿದ್ದವು. ಕೆಂಚಮ್ಮ ಆ ಮಣೆಯನ್ನು ಕಸಿದುಕೊಂಡು ತಾನೇ ಹಾಕಿಕೊಂಡು ಕುಳಿತಳಂತೆ. ಆಮೇಲೆ ಇಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಕಾಲಿನ ವಿಷಯ ಮರುದೇವಮ್ಮನಿಗೆ ತಿಳಿದದ್ದು ಅವತ್ತೇ. ಅಲ್ಲಿಯವರೆಗೆ ದ್ಯಾಮಣ್ಣ ಅದನ್ನು ಆಕೆಯ ಕಿವಿಗೆ ಬೀಳದಂತೆ ನೋಡಿಕೊಂಡಿದ್ದ.

ಮರುದಿನ ಕಚೇರಿ ತೆರೆದು ಇನ್ನೂ ಕಸ ಗುಡಿಸುತ್ತಿದ್ದಾಗ ಬಾಗಿಲಿಗೆ ಒಂದು ಆಟೋ ಬಂತು. ಡ್ರೈವರ್ ಇಳಿದು ಮರುದೇವಮ್ಮನನ್ನು ಹೂವಿನ ಬುಟ್ಟಿ ಎತ್ತುವ ಹಾಗೆ ಎತ್ತಿಕೊಂಡು ಬಂದು ನನ್ನ ಕುರ್ಚಿಯಲ್ಲಿ ಕೂರಿಸಿದ. ಬಾಡಿಗೆ ಕೇಳದೆ ಹೊರಗೆ ಹೋಗಿ ಕಾಯುತ್ತ ನಿಂತ. ನಾನು ಮಣೆಯನ್ನು ಆಕೆಯ ಕಾಲ ಕೆಳಗೆ ಸರಿಸಿದೆ.

"ನನ್ನ ಗಳಿಗೆ ತೋರಿಸಮ್ಮ," ಎಂದರು ಫರ್ಜಾನಾಳಿಗೆ. ಪರದೆಯನ್ನು ಬಹಳ ಹೊತ್ತು ನೋಡಿದರು. "ಇಷ್ಟೊಂದು ಸೊನ್ನೆ ಯಾರು ಹೇಳಿದ್ದು?"

"ಯಾರೂ ಹೇಳಿದ್ದಲ್ಲ ಅಮ್ಮ. ಗೊತ್ತಿಲ್ಲದ ಕಡೆ ಸೊನ್ನೆ ಬಿದ್ದಿದೆ."

"ಗೊತ್ತಿಲ್ಲ ಅನ್ನೋದೂ ಸೊನ್ನೆ, ನಿಜವಾಗಿ ಸೊನ್ನೆಗೆ ಹುಟ್ಟಿದ್ರೂ ಸೊನ್ನೇನೇ? ನೋಡಿದವರಿಗೆ ಹೇಗೆ ತಿಳಿಯತ್ತೆ?"

"ತಿಳಿಯಲ್ಲ ಅಮ್ಮ." ಫರ್ಜಾನಾ ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದಳು.

"ಹಾಗಾದ್ರೆ ಇದು ನಾನು ಹೇಳದೇ ಇರೋ ಸುಳ್ಳು. ನನ್ನ ಹೆಸರಿನ ಮುಂದೆ ಇರಬಾರದು. ಸೆಕೆಂಡು ಇಷ್ಟೇ ಅಂತ ಹೇಳೋಕೆ ನಂಗೆ ಗೊತ್ತಿಲ್ಲ, ನಮ್ಮಮ್ಮನೂ ಇಲ್ಲ ಕೇಳೋಕೆ. ಅದಕ್ಕೇ ಇದನ್ನ ಅಳಿಸಿ, ಪೂರ್ತಿ ಖಾಲಿ ಮಾಡು. ಕೆಂಚಮ್ಮನದು ಇದೆಯಂತಲ್ಲ, ಹಾಗೆ."

ನಮ್ಮಿಬ್ಬರಿಗೂ ಅರ್ಥವಾಯಿತು. ಖಾಲಿಯಾದರೆ ಆಕೆ ಯಾರಿಗೂ ಸಮವಲ್ಲ. ದ್ಯಾಮಣ್ಣ ಅರ್ಧ ಉಂಡು ಕಾಲು ಉಳಿಸಿಕೊಳ್ಳಬಹುದು. ಆಕೆಯ ಹೊಟ್ಟೆಗೆ ಮಾತ್ರ ಇನ್ನು ಯಾವ ಕಡೆಯಿಂದಲೂ ಒಂದು ತುತ್ತು ಬರುವುದಿಲ್ಲ. ನಿಯಮದಲ್ಲಿ ತಪ್ಪಿರಲಿಲ್ಲ, ಗೊತ್ತಿಲ್ಲ ಎಂದು ಹೇಳಲು ಸಾಕ್ಷಿಯೂ ಬೇಕಿರಲಿಲ್ಲ. ಫರ್ಜಾನಾ ನನ್ನ ಕಡೆ ನೋಡಿದಳು. ಅವಳ ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿತ್ತು.

"ಅಮ್ಮ, ಸರ್ವರ್ ಸ್ವಲ್ಪ ನಿಧಾನ ಇದೆ ಇವತ್ತು. ಕೂತಿರಿ," ಎಂದಳು. ಸರ್ವರ್ ಚೆನ್ನಾಗಿಯೇ ಇತ್ತು. ನಾನು ಹೊರಗೆ ಹೋಗಿ ಆಟೋದವನ ಕಿವಿಯಲ್ಲಿ ಒಂದು ಮಾತು ಹೇಳಿದೆ. ಅವನು ಕೇಳಿ ಮುಗಿಸುವ ಮೊದಲೇ ಗಾಡಿ ತಿರುಗಿಸಿದ.

ದ್ಯಾಮಣ್ಣ ಕೈಗೆಲ್ಲ ಟ್ಯೂಬಿನ ಕಪ್ಪು ಮೆತ್ತಿಕೊಂಡೇ ಬಂದ. ಎಡಗಾಲಿಗೆ ದಪ್ಪ ಪಟ್ಟಿ, ಕೆಂಚಮ್ಮನ ಹೆಗಲ ಮೇಲೆ ಭಾರ. ಬಾಗಿಲಲ್ಲೇ ನಿಂತು, "ಏನಮ್ಮೋರೆ ಇದು? ನನ್ನ ಕೇಳ್ದಂಗೆ ಊಟ ಬಿಡೋಕೆ ಹೊರಟ್ರಾ?" ಎಂದ.

"ನಲವತ್ತು ವರ್ಷ ನನ್ನ ಕೇಳದೆ ಬೋಟಿ ತಿಂದೋನು ನೀನು," ಎಂದರು ಮರುದೇವಮ್ಮ. "ಇವತ್ತೊಂದು ದಿನ ನಾನು ಕೇಳದೆ ಒಂದು ಕೆಲಸ ಮಾಡ್ತೀನಿ. ಕಾಲು ನೋಡ್ಕೋ ಹೋಗು."

"ಕಾಲು ನಂದು. ಅದರ ವಿಷ್ಯ ನಿಮಗ್ಯಾಕೆ?"

"ಹೊಟ್ಟೆ ನಂದೂ ಕೂಡ. ಸಾಕು ಅಂತ ಹೇಳೋಕೆ ನಂಗೂ ಹಕ್ಕಿದೆ."

"ಹಂಗೆ ಖಾಲಿ ಮಾಡ್ಕೊಂಡು ಎಷ್ಟು ದಿನ ಇರ್ತೀರ?"

"ಇದ್ದಷ್ಟು ದಿನ. ನಂಗೆ ಭಯ ಇಲ್ಲ ದ್ಯಾಮಣ್ಣ. ಇನ್ನೊಬ್ಬರ ಮೈ ಕೊರೆದು ಬದುಕೋದು ನಮ್ಮ ಧರ್ಮದಲ್ಲಿ ಇಲ್ಲ. ಇಷ್ಟು ದಿನ ನಂಗೆ ಗೊತ್ತಿರಲಿಲ್ಲ, ಅದಕ್ಕೇ ನಡೀತು." ಆಕೆಯ ದನಿ ಅಷ್ಟು ಮೆಲ್ಲಗಿತ್ತೆಂದರೆ ನಾವೆಲ್ಲ ಹತ್ತಿರ ಸರಿದು ನಿಂತಿದ್ದೆವು. "ನೀನು ಹೊತ್ತು ಮುಳುಗೋ ಮೊದಲೇ ಉಣ್ತಾ ಇದ್ದದ್ದು ನಂಗೆ ದಿನಾ ತಿಳೀತಿತ್ತು. ಅಷ್ಟು ಸಾಕು ನಂಗೆ."

ದ್ಯಾಮಣ್ಣ ಕಪ್ಪು ಕೈಯಿಂದಲೇ ಮುಖ ಒರೆಸಿಕೊಂಡ, ಕೆನ್ನೆಗೆಲ್ಲ ಮಸಿ ಆಯಿತು.

ಕೆಂಚಮ್ಮ ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ಅವನ ಕಾಲನ್ನು ಎತ್ತಿ ಇಟ್ಟು, ಫರ್ಜಾನಾಳ ಹತ್ತಿರ ಬಂದಳು. "ತಾಯಿ, ನಂದು ಖಾಲಿ ಅಂದ್ಯಲ್ಲ ನೆನ್ನೆ. ಅದರಲ್ಲಿ ಏನಾರ ತುಂಬಬೋದಾ?"

"ನಿಮ್ಮ ಗಳಿಗೆ ಗೊತ್ತಿದ್ರೆ ತುಂಬಬಹುದು ಅಮ್ಮ. ಒಬ್ರು ಹಿರಿಯರ ಸಾಕ್ಷಿ ಬೇಕು."

"ಗೊತ್ತು. ಇವರಿಬ್ರದು ಏನೈತೋ ಅದೇ ನಂದು."

ಮೊದಲು ಸಿಡಿದವನು ದ್ಯಾಮಣ್ಣ. "ಲೇ, ನನಗಿಂತ ಎಂಟೋ ಹತ್ತೋ ವರ್ಷ ಚಿಕ್ಕೋಳು ಕಣೇ ನೀನು!"

"ಯಾರು ನೋಡಿದ್ರು? ನಮ್ಮಪ್ಪನ ಕೇಳಿದ್ರೆ ದೊಡ್ಡೆಮ್ಮೆ ಕರು ಹಾಕಿದ ವರ್ಸ ಅಂತಿದ್ದ. ಆ ಎಮ್ಮೆ ಎಷ್ಟು ಕರು ಹಾಕ್ತೋ ಯಾರಿಗ್ ಗೊತ್ತು? ನಾನು ನಿಮ್ಗಿಂತ ಒಂದು ನಿಮ್ಷಾನೂ ಚಿಕ್ಕೋಳಲ್ಲ. ಬರ್ಕೋ ತಾಯಿ."

"ಕೆಂಚಮ್ಮ," ಎಂದರು ಮರುದೇವಮ್ಮ, "ಬೇಡ. ಒಬ್ಬನ ಮೈ ಹಾಳಾಗಿದ್ದು ಸಾಲದಾ?"

"ಅವ್ರೊಬ್ರೇ ಎಳೆದ್ರೆ ಹಾಳಾಗತ್ತೆ. ಇಬ್ರು ಹೆಗಲು ಕೊಟ್ರೆ ಆಗಲ್ಲ. ಅವರು ಡಾಕ್ಟ್ರು ಹೇಳ್ದಂಗೆ ಅರ್ಧ ಉಣ್ಲಿ. ಮಿಕ್ಕಿದ್ದು ನಾನು ಉಣ್ತೀನಿ. ನಂಗೆ ಯಾವ ಕಾಯ್ಲೆನೂ ಇಲ್ಲ, ಗದ್ದೆ ಕೆಲ್ಸ ಮಾಡಿದ ಮೈ. ನನ್ ಮೈಯೂ ಸಾಕು ಅಂದ್ರೆ ಅವತ್ತು ನಾನೇ ಬಂದು ಹೇಳ್ತೀನಿ, ಮುಚ್ಚಿಡಲ್ಲ ಇವ್ರ ಥರ."

"ನೀನು ಮಾಂಸ ತಿನ್ನೋಳು. ನಿನ್ನ ನಾಲಿಗೆ ನಾನು ಯಾಕೆ ಕಟ್ಟಲಿ?"

ಕೆಂಚಮ್ಮ ಜೋರಾಗಿ ನಕ್ಕಳು. "ಎಲ್ಲಿ ತಿಂದೆ ಅಮ್ಮೋರೆ? ಇವರು ಗ್ಯಾಸು ಗ್ಯಾಸು ಅಂತ ಎಲ್ಲ ಬಿಟ್ಟು ಕೂತ್ರೆ ಎದುರಿಗೆ ಕೂತು ನಾನೊಬ್ಳೇ ಹೆಂಗೆ ತಿನ್ಲಿ? ಈ ಸಲ ಹೊಸತೊಡಕಿನ ದಿನ ಇಡೀ ಬೀದಿ ಮಟನ್ ಘಮ ಅಂತಿತ್ತು, ನಮ್ಮನೇಲಿ ಬರೀ ಬೇಳೆಸಾರು. ಬೆಳ್ಳುಳ್ಳಿ ಕೂಡ ಹಾಕಿಲ್ಲ."

ಮರುದೇವಮ್ಮ ಅವಳನ್ನೇ ನೋಡುತ್ತ ಕುಳಿತರು. ಅಷ್ಟು ದಿನ ತನ್ನ ನೇಮವನ್ನು ಅಡುಗೆಮನೆಯಲ್ಲಿ ನಿಂತು ಕಾಯ್ದವಳು, ನೆನ್ನೆ ಹೊಸ್ತಿಲಲ್ಲಿ ಕೂಗಾಡಿದ ಈ ಹೆಂಗಸೇ ಎಂದು ಆಕೆಗೆ ಆಗ ತಿಳಿದಿರಬೇಕು. ಕೈ ಚಾಚಿದರು. ಕೆಂಚಮ್ಮ ಆ ಕೈಯನ್ನು ಹಿಡಿಯದೆ, ಅದು ತಣ್ಣಗಿದೆಯೆಂದು ತನ್ನ ಸೆರಗಿನಲ್ಲಿ ಸುತ್ತಿದಳು.

"ಸಾಕ್ಷಿ ಬೇಕಲ್ಲ," ಎಂದಳು ಫರ್ಜಾನಾ.

ಸಾಕ್ಷಿ ಹೇಳುವವರು ಹೇಳಬೇಕಾದದ್ದು ಒಂದೇ ಮಾತು: ನನಗೆ ತಿಳಿದಮಟ್ಟಿಗೆ ಇದು ಸುಳ್ಳೆಂದು ಹೇಳಲು ಆಧಾರವಿಲ್ಲ. ನಾನು ಕೆಂಚಮ್ಮನ ಮುಖ ನೋಡಿದೆ. ಕೂದಲಲ್ಲಿ ನರೆ ಇನ್ನೂ ಅಷ್ಟಾಗಿ ಇರಲಿಲ್ಲ. ಆದರೆ ಆ ಎಮ್ಮೆ ಕರು ಹಾಕಿದ ವರ್ಷ ಯಾವುದೆಂದು ನಾನು ಬಲ್ಲೆನೇ? ಊರಿನ ಅರ್ಧ ಮಂದಿಯ ಹೆಸರಿನ ಮುಂದೆ ಯಾರೂ ಕಾಣದ ಸೊನ್ನೆಗಳನ್ನು ಯಂತ್ರ ತಾನೇ ತುಂಬಿಕೊಂಡಿರುವಾಗ, ಒಬ್ಬ ಹೆಂಗಸು ತಾನಾಗಿ ಬೇಡಿ ತುಂಬಿಸಿಕೊಳ್ಳುವ ಸೊನ್ನೆಗೆ ನಾನು ಅಡ್ಡ ಬರಲೇ? "ನನ್ನ ಹೆಸರು ಹಾಕಮ್ಮ," ಎಂದೆ.

ಫರ್ಜಾನಾ ಒಂದೊಂದಾಗಿ ಕೇಳುತ್ತ ಬರೆದಳು. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ. ಗಂಡನದ್ದನ್ನು ನೋಡಿಕೊಂಡು ಕೆಂಚಮ್ಮ ಒಂದೊಂದನ್ನೂ ಗಟ್ಟಿಯಾಗಿ ಹೇಳಿದಳು. "ಸೆಕೆಂಡು?" ಎಂದು ಕೇಳಿದಾಗ, "ಸೊನ್ನೆ." "ಅದರ ಮುಂದೆ?" "ಎಷ್ಟು ಸೊನ್ನೆ ಹಿಡಿಯತ್ತೋ ಅಷ್ಟೂ ಹಾಕು ತಾಯಿ, ಕಡಿಮೆ ಮಾಡ್ಬೇಡ." ಫರ್ಜಾನಾ ಆರು ಸಲ ಸೊನ್ನೆ ಒತ್ತಿದಳು. ಒತ್ತಬೇಕಾದ ಅಗತ್ಯವೇ ಇರಲಿಲ್ಲ, ಯಂತ್ರ ತಾನೇ ತುಂಬಿಕೊಳ್ಳುತ್ತಿತ್ತು. ಆದರೂ ಒಂದೊಂದನ್ನೂ ಕೈಯಾರೆ ಒತ್ತಿದಳು. "ಎಂಟು ವರ್ಷ ಮುದುಕಿ ಆಗ್ಹೋದೆ ನೋಡ್ರಿ," ಎಂದು ಕೆಂಚಮ್ಮ ಗಂಡನ ಕಡೆ ತಿರುಗಿದಳು. "ಇನ್ಮೇಲೆ ಹೋಗೇ ಬಾರೇ ಅಂದ್ರೆ ಕೇಳಲ್ಲ."

"ಆಯ್ತು ಬಿಡಮ್ಮಾ," ಎಂದ ದ್ಯಾಮಣ್ಣ. ನಾವೆಲ್ಲ ನಕ್ಕೆವು, ಮರುದೇವಮ್ಮನೂ.

ಕೆಂಚಮ್ಮನ ಸಾಲು ದಾಖಲಾಯಿತು ಎಂದು ಪರದೆ ತೋರಿಸಿತು. ಸರಿಯಾಗಿದೆಯೋ ಇಲ್ಲವೋ ಗೊತ್ತಾಗಲು ಒಂದೇ ದಾರಿ. ಫರ್ಜಾನಾ ತನ್ನ ಚೀಲದಿಂದ ಡಬ್ಬಿ ತೆಗೆದಳು. "ಮೊಸರನ್ನ. ಬರೀ ಸಾಸಿವೆ ಒಗ್ಗರಣೆ," ಎಂದಳು ಮರುದೇವಮ್ಮನ ಕಡೆ ನೋಡಿ. ಕೆಂಚಮ್ಮ ನಿಂತಲ್ಲೇ ಡಬ್ಬಿ ಹಿಡಿದು, ಕೈ ತೊಳೆಯುವುದನ್ನೂ ಮರೆತು, ದೊಡ್ಡ ದೊಡ್ಡ ತುತ್ತು ಹಾಕಿಕೊಳ್ಳತೊಡಗಿದಳು. ಹೊರಗೆ ಸಾಲಿನಲ್ಲಿದ್ದವರು ಕಿಟಕಿಗೆ ಬಂದು ನಿಂತರು. ಆಟೋದವನೂ ಬಂದ. ನಾವು ಯಾರೂ ಕೆಂಚಮ್ಮನನ್ನು ನೋಡುತ್ತಿರಲಿಲ್ಲ, ಮರುದೇವಮ್ಮನ ಮುಖ ನೋಡುತ್ತಿದ್ದೆವು. ಆಕೆ ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದರು.

"ಬಂತಾ ಅಮ್ಮೋರೆ?" ಎಂದ ದ್ಯಾಮಣ್ಣ, ತಡೆಯಲಾರದೆ.

ಆಕೆ ಕಣ್ಣು ತೆರೆಯದೆಯೇ ತಲೆಯಾಡಿಸಿದರು. ಒಂದು ಕ್ಷಣ ಬಿಟ್ಟು ದ್ಯಾಮಣ್ಣನೂ ತನ್ನ ಹೊಟ್ಟೆ ಮುಟ್ಟಿಕೊಂಡ. "ನಂಗೂ ಬಂತು ಕಣೇ," ಎಂದ. ಆ ದನಿಯಲ್ಲಿ ಎಂಥದೋ ನಾಚಿಕೆಯಿತ್ತು. ಮದುವೆಯಾದಂದಿನಿಂದ ಅವಳು ಬಡಿಸಿದ್ದನ್ನೇ ಉಂಡವನಿಗೆ, ಅವಳು ಉಂಡದ್ದು ತನಗೆ ತಾಕಿದ್ದು ಅದೇ ಮೊದಲು.

"ಕೂತು ಉಣ್ಣು ಕೆಂಚಮ್ಮ," ಎಂದರು ಮರುದೇವಮ್ಮ. "ಯಾರಿಗೂ ಅವಸರ ಇಲ್ಲ."

"ಸುಮ್ನಿರಿ ಅಮ್ಮೋರೆ, ನನ್ ಹೊಟ್ಟೆ ಇನ್ನೂ ತಳಾನೇ ತುಂಬಿಲ್ಲ," ಎಂದಳು ಕೆಂಚಮ್ಮ ತುಂಬಿದ ಬಾಯಿಯಲ್ಲಿ, ಡಬ್ಬಿಯ ತಳ ಕೆರೆಯುತ್ತ. ಫರ್ಜಾನಾ ನನ್ನ ಚೀಲಕ್ಕೆ ಕೈಹಾಕಿ, ನಾನು ತಂದಿದ್ದ ಅವಲಕ್ಕಿಯ ಡಬ್ಬಿಯನ್ನೂ ಮುಚ್ಚಳ ತೆಗೆದು ಅವಳ ಮುಂದೆ ಇಟ್ಟಳು.